ನಾಲ್ಕು ಸ್ಕ್ರೂ ಕಡಿಮೆ

ಮನೆ ಬದಲಾಯಿಸುವಾಗ ಪುಸ್ತಕದ ಶೆಲ್ಫ್ ಬಿಚ್ಚಿ ತಂದಿದ್ದೆ. ಇವತ್ತು ಜೋಡಿಸಲು ಕೂತರೆ ನಾಲ್ಕು ಸ್ಕ್ರೂ ಇಲ್ಲ. ಮನೆಯಲ್ಲಿದ್ದ ಮಾಮೂಲಿ ಮರದ ಸ್ಕ್ರೂ ಹಾಕಿ ನೋಡಿದೆ. ಬಿಗಿಯಾಗಲೇ ಇಲ್ಲ, ಸುಮ್ನೆ ತಿರುಗುತ್ತಲೇ ಇತ್ತು.

ಆಮೇಲೆ ಶೆಲ್ಫ್‌ನ ಉಳಿದ ಸ್ಕ್ರೂಗಳಲ್ಲಿ ಒಂದನ್ನು ಕೈಗೆ ತೆಗೆದುಕೊಂಡು ಸರಿಯಾಗಿ ನೋಡಿದೆ. ದಪ್ಪ ಮೈ, ಮೊಂಡು ತುದಿ, ದೂರ ದೂರದ ಆಳವಾದ ಥ್ರೆಡ್, ತಲೆಯಲ್ಲಿ ಆರು ಮೂಲೆಯ ಗುಳಿ. ಇದಕ್ಕೆ ಕನ್‌ಫರ್ಮ್ಯಾಟ್ ಸ್ಕ್ರೂ ಅನ್ನುತ್ತಾರೆ. ಈ ಶೆಲ್ಫ್‌ಗಳ ಹಲಗೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಅಲ್ವಾ? ಅದರಲ್ಲಿ ಎಳೆ ಇಲ್ಲ. ತೆಳ್ಳಗಿನ ಸ್ಕ್ರೂಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಈ ದಪ್ಪ ಮೈ.

ಸ್ಕೇಲ್ ಇಟ್ಟು ಅಳೆದೆ. ದಪ್ಪ 7 ಮಿ.ಮೀ., ಉದ್ದ 50 ಮಿ.ಮೀ. ಇದು ತುಂಬಾ ಕಡೆ ಬಳಸುವ ಅಳತೆಯೇ, ಹಾಗಾಗಿ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಗೆ ಹಳೆಯ ಸ್ಕ್ರೂ ಒಂದನ್ನು ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು. ಬಾಯಲ್ಲಿ ಹೇಳಿದ್ದರೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಒಂದು ತೂತು ಮಾತ್ರ ಸವೆದು ದೊಡ್ಡದಾಗಿತ್ತು. ಮರದ ಅಂಟಿನಲ್ಲಿ ಅದ್ದಿದ ಬೆಂಕಿಕಡ್ಡಿಗಳನ್ನು ಮದ್ದು ತೆಗೆದು ಒಳಗೆ ತುರುಕಿದೆ. ರಾತ್ರಿಯಿಡೀ ಒಣಗಲಿ.

ಎಷ್ಟು ವರ್ಷ ಈ ಶೆಲ್ಫ್‌ನಲ್ಲಿ ಪುಸ್ತಕದ ಬೆನ್ನುಗಳನ್ನೇ ನೋಡಿದ್ದೇನೆ. ಅವನ್ನು ಹೊತ್ತು ನಿಂತವರನ್ನು ಇವತ್ತೇ ಮೊದಲು ನೋಡಿದ್ದು. ಮನಸ್ಸಿಗೆ ಏನೋ ಒಂಥರಾ ಪ್ರೀತಿ ಬಂತು.

ನಾಳೆ ಪುಸ್ತಕ ಜೋಡಿಸುತ್ತೇನೆ. ದಪ್ಪ ನಿಘಂಟುಗಳು ಕೆಳಗಿನ ಸಾಲಿಗೆ.