ಹಂಚಿಕೆಯ ಡ್ರೈವ್‌ಗೆ ರಾನ್ಸಮ್‌ವೇರ್ ತಗುಲಿದಾಗ ಮೊದಲ ಹತ್ತು ನಿಮಿಷ

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಸಂಜೆ, ನಾನು ಆಗ ಕೆಲಸ ಮಾಡುತ್ತಿದ್ದ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. 'ಸರ್, ಎಕ್ಸೆಲ್ ಫೈಲ್ ಯಾವುದೂ ತೆರೆಯುತ್ತಿಲ್ಲ, ಹೆಸರಿನ ಕೊನೆಯಲ್ಲಿ ಏನೋ ಸೇರಿಕೊಂಡಿದೆ' ಎಂದರು ಅಲ್ಲಿನ ಗುಮಾಸ್ತೆ. ನಾನು ಸರ್ವರ್ ಕೋಣೆಗೆ ಓಡಿ ಫೈಲ್ ಸರ್ವರ್‌ನಲ್ಲಿ ಆಂಟಿವೈರಸ್ ಸ್ಕ್ಯಾನ್ ಆರಂಭಿಸಿದೆ. ನಲವತ್ತು ನಿಮಿಷವಾದರೂ ಅದಕ್ಕೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ಇನ್ನೆರಡು ವಿಭಾಗಗಳ ಫೋಲ್ಡರ್‌ಗಳು ಕೈತಪ್ಪಿ ಹೋಗಿದ್ದವು.

ಸಿಗದೇ ಇದ್ದುದಕ್ಕೆ ಕಾರಣ ಸರಳ. ಫೈಲ್‌ಗಳನ್ನು ಕೀಲಿಯಿಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಪ್ರೋಗ್ರಾಂ ಓಡುತ್ತಿದ್ದುದು ಸರ್ವರ್‌ನಲ್ಲಲ್ಲ, ಉದ್ಯೋಗಿಯೊಬ್ಬರ ಮೇಜಿನ ಮೇಲಿದ್ದ ಕಂಪ್ಯೂಟರ್‌ನಲ್ಲಿ. ಅದು ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಸಂಪರ್ಕದ ಮೂಲಕ ಫೈಲನ್ನು ಓದಿ, ತನ್ನದೇ ಮೆಮರಿಯಲ್ಲಿ ಎನ್‌ಕ್ರಿಪ್ಟ್ ಮಾಡಿ, ಮರಳಿ ಬರೆದು, ಹೆಸರು ಬದಲಿಸುತ್ತಿತ್ತು. ಸರ್ವರ್‌ನ ಕಣ್ಣಿಗೆ ಇವೆಲ್ಲ ಅನುಮತಿಯುಳ್ಳ ಬಳಕೆದಾರರೊಬ್ಬರು ದಿನವೂ ಮಾಡುವ ಕೆಲಸಗಳೇ ಆದ್ದರಿಂದ, ಅಲ್ಲಿ ವೈರಸ್ ಹುಡುಕುತ್ತಾ ಕೂರುವುದೆಂದರೆ ಬೆಂಕಿ ಇಲ್ಲದ ಕೋಣೆಗೆ ನೀರು ಹಾಕಿದಂತೆ. ಕೇಳಬೇಕಾಗಿದ್ದ ಪ್ರಶ್ನೆ 'ಯಾವ ವೈರಸ್' ಎಂಬುದಲ್ಲ, 'ಯಾರ ಖಾತೆಯಿಂದ ಬರೆಯಲಾಗುತ್ತಿದೆ' ಎಂಬುದು. ಹಣ ಕೇಳುವ ಟಿಪ್ಪಣಿಯ ಫೈಲ್ ಪ್ರತಿ ಫೋಲ್ಡರ್‌ನಲ್ಲೂ ಬಿದ್ದಿತ್ತು. ಅದರ ಗುಣಲಕ್ಷಣಗಳಲ್ಲಿ ಮಾಲೀಕರ ಹೆಸರನ್ನು ನೋಡಿದ್ದರೆ ಒಂದೇ ನಿಮಿಷದಲ್ಲಿ ಖಾತೆ ತಿಳಿಯುತ್ತಿತ್ತು. ಸರ್ವರ್‌ನಲ್ಲಿ ತೆರೆದಿರುವ ಸೆಷನ್‌ಗಳ, ಅಂದರೆ ಚಾಲ್ತಿಯಲ್ಲಿರುವ ಸಂಪರ್ಕಗಳ, ಪಟ್ಟಿಯಲ್ಲಿ ಆ ಖಾತೆಯ ಎದುರಿಗೆ ಕಂಪ್ಯೂಟರ್‌ನ ವಿಳಾಸವೂ ಇರುತ್ತದೆ.

ಖಾತೆ ತಿಳಿದ ಮೇಲೆ ಮಾಡುವ ಕೆಲಸಗಳ ಕ್ರಮ ಬಹಳ ಮುಖ್ಯ. ಕಚೇರಿಯ ಎಲ್ಲ ಬಳಕೆದಾರರ ಖಾತೆಗಳಿರುವ ಆಕ್ಟಿವ್ ಡೈರೆಕ್ಟರಿಯಲ್ಲಿ ಖಾತೆಯನ್ನು ನಿಷ್ಕ್ರಿಯಗೊಳಿಸಿದರೆ ಸಾಕು ಎಂದು ಅನೇಕರು ನಂಬಿದ್ದಾರೆ, ನಾನೂ ನಂಬಿದ್ದೆ. ಆದರೆ ಆಗಲೇ ತೆರೆದಿರುವ ಸೆಷನ್ ಅದರಿಂದ ತಕ್ಷಣ ಕಡಿಯುವುದಿಲ್ಲ. ಲಾಗಿನ್ ಆದವರಿಗೆ ಸಿಗುವ ಪ್ರವೇಶ ಚೀಟಿಯಾದ ಕೆರ್ಬೆರಾಸ್ ಟಿಕೆಟ್‌ನ ಅವಧಿಯೇ ಸಾಮಾನ್ಯವಾಗಿ 10 ಗಂಟೆ. ಸೆಷನ್ ಒಂದನ್ನೇ ಮುಚ್ಚಿದರೆ ಆ ಕಂಪ್ಯೂಟರ್ ಮರುಕ್ಷಣವೇ ಮತ್ತೆ ಸಂಪರ್ಕಿಸುತ್ತದೆ. ಆದ್ದರಿಂದ ಮೊದಲು ಆ ಖಾತೆಗೆ ಹಂಚಿಕೆಯ ಮಟ್ಟದಲ್ಲಿ ಪ್ರವೇಶ ನಿರಾಕರಿಸಬೇಕು, ಆಮೇಲೆ ಸೆಷನ್ ಮುಚ್ಚಬೇಕು. ಇವೆರಡಕ್ಕೂ ವಿಂಡೋಸ್‌ಗೆ ಆಜ್ಞೆ ಬರೆದು ಕೊಡುವ ಪವರ್‌ಶೆಲ್‌ನಲ್ಲಿ ಒಂದೊಂದು ಸಾಲಿನ ಆಜ್ಞೆ ಇದೆ. ಅದಾದ ಕೂಡಲೇ ಸ್ವಿಚ್‌ನಲ್ಲಿ ಆ ಕಂಪ್ಯೂಟರ್‌ನ ಪೋರ್ಟ್ ಮುಚ್ಚಬೇಕು ಅಥವಾ ಕೇಬಲ್ ಕಿತ್ತುಬಿಡಬೇಕು. ಸಾಧ್ಯವಾದಷ್ಟೂ ಕಂಪ್ಯೂಟರನ್ನು ಆರಿಸಬಾರದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದಾಗ, ಮರುಚಾಲನೆ ಮಾಡದೆ ಬಿಟ್ಟಿದ್ದ ಕೆಲವು ಹಳೆಯ ವಿಂಡೋಸ್ ಯಂತ್ರಗಳ ಮೆಮರಿಯಲ್ಲಿ ಉಳಿದಿದ್ದ ಸಂಖ್ಯೆಗಳಿಂದಲೇ ಫೈಲ್‌ಗಳನ್ನು ಬಿಡಿಸುವ ಕೀಲಿಯನ್ನು ಮರಳಿ ಕಟ್ಟಲು ಸಾಧ್ಯವಾಗಿತ್ತು.

ಪತ್ತೆಯ ವಿಷಯಕ್ಕೆ ಬಂದರೆ, ನಾನು ಇಂದು ಹೆಚ್ಚು ನೆಚ್ಚಿಕೊಂಡಿರುವುದು ಯಾರೂ ಮುಟ್ಟಬಾರದ ಆಮಿಷದ ಫೋಲ್ಡರ್‌ಗಳನ್ನು. ಕೆಲವು ಕುತಂತ್ರಾಂಶಗಳು ಹೆಸರಿನ ಅನುಕ್ರಮದಲ್ಲಿ ಮೊದಲಿನಿಂದ, ಕೆಲವು ಕೊನೆಯಿಂದ ಆರಂಭಿಸುವುದರಿಂದ ಅವು ಪಟ್ಟಿಯ ಎರಡೂ ತುದಿಗಳಲ್ಲಿ ಇರಬೇಕು. ಅಲ್ಲಿ ಹೊಸ ಫೈಲ್ ಹುಟ್ಟಿದರೆ ಅಥವಾ ಇರುವ ಫೈಲಿನ ಹೆಸರು ಬದಲಾದರೆ, ವಿಂಡೋಸ್ ಸರ್ವರ್‌ನ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಎಂಬ ಸೌಲಭ್ಯ ಮೇಲೆ ಹೇಳಿದ ಆಜ್ಞೆಗಳನ್ನು ತಾನೇ ಓಡಿಸಬಲ್ಲದು. ಇದನ್ನು ಅಳವಡಿಸುವವರು ಒಂದು ಸಂಗತಿಯನ್ನು ಮರೆಯಬಾರದು: ಒಂದೇ ಬಗೆಯ ಎಚ್ಚರಿಕೆ ಮತ್ತೆ ಬರಲು ಅದರಲ್ಲಿ ಮೂಲತಃ 60 ನಿಮಿಷಗಳ ಅಂತರ ಇಟ್ಟಿರುತ್ತಾರೆ. ಅದನ್ನು ಸೊನ್ನೆಗೆ ಇಳಿಸದಿದ್ದರೆ, ಪರೀಕ್ಷೆಗೆಂದು ನಾವೇ ಒಮ್ಮೆ ಮುಟ್ಟಿ ನೋಡಿದ ಮೇಲಿನ ಒಂದು ಗಂಟೆ ಸರ್ವರ್ ಕುರುಡಾಗಿರುತ್ತದೆ.

ಫೈಲ್ ವಿಸ್ತರಣೆಗಳ (ಹೆಸರಿನ ಕೊನೆಯ ಭಾಗಗಳ) ಕಪ್ಪುಪಟ್ಟಿಯನ್ನೇ ನಂಬಿ ಕೂರಲಾಗದು, ಏಕೆಂದರೆ ಹೊಸ ತಳಿ ಹೊಸ ಹೆಸರು ತರುತ್ತದೆ. ದತ್ತಾಂಶದ ಎಂಟ್ರೊಪಿಯನ್ನು, ಅಂದರೆ ಅದು ಎಷ್ಟು ಕ್ರಮವಿಲ್ಲದ್ದು ಎಂಬುದನ್ನು, ಅಳೆಯುವ ವಿಧಾನವನ್ನೂ ಹೊಗಳುತ್ತಾರೆ. ಎನ್‌ಕ್ರಿಪ್ಟ್ ಆದ ಫೈಲಿನಲ್ಲಿ ಅದು ಗರಿಷ್ಠವಾದ ಬೈಟ್‌ಗೆ 8 ಬಿಟ್‌ಗಳ ಸಮೀಪ ಇರುತ್ತದೆ ನಿಜ, ಆದರೆ ಜಿಪ್, ಜೆಪೆಗ್ ಮತ್ತು ಒಳಗೆ ಜಿಪ್ ಆಗಿಯೇ ಇರುವ ಇಂದಿನ ವರ್ಡ್ ಕಡತಗಳಲ್ಲೂ ಅದು ಎತ್ತರದಲ್ಲೇ ಇರುತ್ತದೆ. 2021ರಲ್ಲಿ ಕಂಡುಬಂದ ಲಾಕ್‌ಫೈಲ್ ಎಂಬ ರಾನ್ಸಮ್‌ವೇರ್ ಪ್ರತಿ 16 ಬೈಟ್ ಬಿಟ್ಟು ಮುಂದಿನ 16 ಬೈಟ್‌ಗಳನ್ನಷ್ಟೇ ಕೆಡಿಸಿ ಇಂಥ ಲೆಕ್ಕವನ್ನೇ ತಪ್ಪಿಸುತ್ತಿತ್ತು. ಒಬ್ಬ ಬಳಕೆದಾರರು ನಿಮಿಷಕ್ಕೆ ಎಷ್ಟು ಫೈಲ್‌ಗಳನ್ನು ಬದಲಿಸುತ್ತಾರೆ ಎಂಬ ಎಣಿಕೆ ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಮನುಷ್ಯರ ಕೈಗೆ ಒಂದು ವೇಗದ ಮಿತಿ ಇದೆ.

ಅಂದು ನಮ್ಮನ್ನು ಉಳಿಸಿದ್ದು ಮಧ್ಯಾಹ್ನದ ಶ್ಯಾಡೋ ಕಾಪಿ, ಅಂದರೆ ಫೈಲ್‌ಗಳು ಆ ಹೊತ್ತಿಗೆ ಇದ್ದ ಸ್ಥಿತಿಯನ್ನು ಸರ್ವರ್ ತಾನೇ ಉಳಿಸಿಟ್ಟ ಪ್ರತಿ. ದಾಳಿಗೆ ಸಿಕ್ಕ ಖಾತೆಗೆ ಸರ್ವರ್‌ನ ಆಡಳಿತಾಧಿಕಾರ ಇಲ್ಲದಿದ್ದರಿಂದ ಅದನ್ನು ಅಳಿಸಲು ಆಗಿರಲಿಲ್ಲ. ಅದೇ ನನ್ನ ಕಂಪ್ಯೂಟರ್ ಆಗಿದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಆದರೆ ಆ ಖಾತೆಗೆ ಮೂರು ವಿಭಾಗಗಳಲ್ಲಿ ಬರೆಯುವ ಅನುಮತಿ ಏಕಿತ್ತು? ಆ ಗುಮಾಸ್ತೆ ಹಿಂದೆ ಖರೀದಿ ವಿಭಾಗದಲ್ಲೂ ಉಗ್ರಾಣದಲ್ಲೂ ಕೆಲಸ ಮಾಡಿದ್ದರು, ವರ್ಗವಾದಾಗಲೆಲ್ಲ ನಾನು ಹೊಸ ಅನುಮತಿ ಕೊಟ್ಟೆನೇ ಹೊರತು ಹಳೆಯದನ್ನು ತೆಗೆದಿರಲಿಲ್ಲ. ಮೇಲ್‌ನಲ್ಲಿ ಬಂದ ಇನ್‌ವಾಯ್ಸ್ ತೆರೆದದ್ದು ತನ್ನ ತಪ್ಪೆಂದು ಅವರು ಅಂದು ಕಣ್ಣೀರು ಹಾಕಿದರು. ಇನ್‌ವಾಯ್ಸ್ ತೆರೆಯುವುದೇ ಅವರ ಕೆಲಸವಾಗಿತ್ತು, ಅವರು ಕೂಡಲೇ ಮಾಡಿದ ಕರೆಯೊಂದೇ ನಮಗಿದ್ದ ಎಚ್ಚರಿಕೆಯ ಗಂಟೆಯೂ ಆಗಿತ್ತು.

2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು. ಆ ಸಂಸ್ಥೆಯ ವಿಳಾಸವನ್ನೂ ಆಜ್ಞೆಗಳ ಕ್ರಮವನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಸರ್ವರ್ ರ‍್ಯಾಕ್‌ನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ, ಏಕೆಂದರೆ ಅಗತ್ಯ ಬಿದ್ದ ದಿನ ಹಂಚಿಕೆಯ ಡ್ರೈವ್‌ನಲ್ಲಿಟ್ಟ ಪ್ರತಿ ತೆರೆಯುವುದಿಲ್ಲ.