ಹದಿನಾಲ್ಕರಲ್ಲಿ ಒಂದು ಪಾಲು

ಲಾಭ ಅಂತ ಏನಾದರೂ ಬಂದರೆ ಅದರಲ್ಲಿ ಹದಿನಾಲ್ಕನೇ ಒಂದು ಪಾಲು, ಅದಕ್ಕಿಂತ ಹೆಚ್ಚಿಲ್ಲ. ಮಾಲು ಕೈಸೇರಿದ ಮೇಲೆ ನಗದು. ದಾರಿಖರ್ಚು ಏನೇ ಆದರೂ ನಮ್ಮದು. ಸತ್ತರೆ ಮಣ್ಣು ಮಾಡುವ ಖರ್ಚೂ ನಮ್ಮದೇ, ಆ ಕೆಲಸ ಬೇರೆ ರೀತಿಯಲ್ಲಿ ಮುಗಿದುಹೋಗಿರದಿದ್ದರೆ.

ಜೆ.ಆರ್.ಆರ್. ಟೋಲ್ಕಿನ್ ಅವರ 'ದಿ ಹಾಬಿಟ್' ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಬಿಲ್ಬೋ ಬ್ಯಾಗಿನ್ಸ್‌ನ ಮನೆಯ ಗಡಿಯಾರದಡಿ ಸಿಗುವ ಕರಾರುಪತ್ರದ ಸಾರಾಂಶ ಇದು. ಬಿಲ್ಬೋ ಒಬ್ಬ ಹಾಬಿಟ್, ಅಂದರೆ ಮನುಷ್ಯರಿಗಿಂತ ಗಿಡ್ಡನೆಯ, ಮನೆ ಬಿಟ್ಟು ಕದಲದ ಜನದವನು. ಡ್ರ್ಯಾಗನ್ ಕಸಿದುಕೊಂಡ ನಿಧಿಯನ್ನು ಮರಳಿ ಪಡೆಯಲು ಥೋರಿನ್ ಮುಂದಾಳಾಗಿರುವ 13 ಡ್ವಾರ್ಫ್‌ಗಳು (ಗಡ್ಡದ ಕುಳ್ಳ ಜನ) ಅವನನ್ನು ಕಳ್ಳನ ಕೆಲಸಕ್ಕೆ ಗೊತ್ತುಮಾಡಿಕೊಂಡಿದ್ದಾರೆ. 'ಬೇರೆ ರೀತಿಯಲ್ಲಿ' ಅಂದರೆ ಡ್ರ್ಯಾಗನ್ ಹೊಟ್ಟೆ ಸೇರಿದ್ದರೆ ಎಂದು ಓದಿಕೊಳ್ಳಬೇಕು. ಬೆಳಿಗ್ಗೆ ಸರಿಯಾಗಿ 11 ಗಂಟೆಗೆ ಪಕ್ಕದ ಬೈವಾಟರ್ ಊರಿನ ಛತ್ರದಲ್ಲಿ ಹಾಜರಿರಬೇಕು ಎಂದೂ ಬರೆದಿದೆ. ಬಿಲ್ಬೋಗೆ ಉಳಿದಿರುವುದು ಹತ್ತೇ ನಿಮಿಷ. ಟೋಪಿ, ಊರುಗೋಲು, ದುಡ್ಡು ಎಲ್ಲ ಬಿಟ್ಟು ಓಡುತ್ತಾನೆ. ಕರವಸ್ತ್ರವನ್ನೂ ಮರೆಯುತ್ತಾನೆ.

ಈ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು 1937ರ ಸೆಪ್ಟೆಂಬರ್ 21ರಂದು. ಮೊದಲ ಮುದ್ರಣದ 1,500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿಯಾದವು, ಅಲ್ಲಿಂದ ಇಲ್ಲಿಯವರೆಗೂ ಓದುವವರು ತಪ್ಪಿಲ್ಲ. ಯಾಕೆ ಎಂದರೆ ಸಾಮಾನ್ಯವಾಗಿ ಬರುವ ಉತ್ತರ 'ಕಲ್ಪನಾಶಕ್ತಿ'. ಕಲ್ಪನೆಗೇನು, ಮಕ್ಕಳ ಪುಸ್ತಕಗಳಲ್ಲಿ ಅದಕ್ಕೆ ಬರವಿಲ್ಲ. ಈ ಪುಸ್ತಕವನ್ನು ಹಿಡಿದು ನಿಲ್ಲಿಸಿರುವುದು ಲೆಕ್ಕ. ಯಾರು ಯಾರಿಗೆ ಏನು ಕೊಡಬೇಕು, ಯಾರು ಏನು ಎತ್ತಿಕೊಂಡರು, ಅದು ಎಲ್ಲಿ ತೀರಿತು ಎನ್ನುವುದನ್ನು ಕತೆ ಒಮ್ಮೆಯೂ ಮರೆಯುವುದಿಲ್ಲ. ನ್ಯಾಯ-ಅನ್ಯಾಯದ ವಿಷಯದಲ್ಲಿ ಹತ್ತು ವರ್ಷದ ಮಗುವಿಗಿಂತ ಬಿಗಿಯಾದ ಲೆಕ್ಕಿಗ ಸಿಗುವುದು ಕಷ್ಟ. ಅಂಥ ಓದುಗರಿಗೆ ಈ ಕತೆ ಮೋಸ ಮಾಡುವುದಿಲ್ಲ.

ಒಂಬತ್ತನೇ ಅಧ್ಯಾಯವನ್ನೇ ನೋಡಿ. ಎಲ್ಫ್ ಎಂಬ ಕಾಡಿನ ಜನರ ರಾಜನ ನೆಲಮಾಳಿಗೆಯಲ್ಲಿ 13 ಡ್ವಾರ್ಫ್‌ಗಳು ಬೇರೆಬೇರೆ ಕೋಣೆಗಳಲ್ಲಿ ಸೆರೆಯಲ್ಲಿದ್ದಾರೆ. ದಾರಿಯಲ್ಲಿ ಸಿಕ್ಕ ಮಾಯೆಯ ಉಂಗುರ ತೊಟ್ಟು ಕಣ್ಣಿಗೆ ಬೀಳದೆ ಒಳಗೆ ಸೇರಿಕೊಂಡ ಬಿಲ್ಬೋ ದಿನಗಟ್ಟಲೆ ಕದ್ದು ತಿಂದು ಬದುಕುತ್ತಾನೆ. ಹೊರಗೆ ಹೋಗುವ ಹೆಬ್ಬಾಗಿಲು ಮಾಯೆಯಿಂದ ಮುಚ್ಚಿಕೊಳ್ಳುತ್ತದೆ. ಇನ್ನೊಂದೇ ದಾರಿ: ಉಗ್ರಾಣದ ಕೆಳಗೆ ಹೊಳೆ ಹರಿಯುತ್ತದೆ, ಖಾಲಿ ಪೀಪಾಯಿಗಳನ್ನು ನೆಲದಲ್ಲಿರುವ ಬಾಗಿಲಿನಿಂದ ಆ ನೀರಿಗೆ ಉರುಳಿಸುತ್ತಾರೆ. ಕಾವಲುಗಾರರ ಮುಖ್ಯಸ್ಥ ಕಡು ವೈನ್ ಕುಡಿದು ಮಲಗಿದಾಗ ಬಿಲ್ಬೋ ಬೀಗದ ಕೈ ಎಗರಿಸಿ, ಎಲ್ಲರನ್ನೂ ಬಿಡಿಸಿ, ಒಬ್ಬೊಬ್ಬರನ್ನೂ ಒಂದೊಂದು ಪೀಪಾಯಿಗೆ ತುಂಬಿ, ಹುಲ್ಲು ತುರುಕಿ ಮುಚ್ಚಳ ಬಿಗಿಯುತ್ತಾನೆ. ಆಮೇಲೆ ಬೀಗದ ಕೈಯನ್ನು ವಾಪಸು ತಂದು ಆ ಕುಡುಕನ ಸೊಂಟಕ್ಕೇ ಸಿಕ್ಕಿಸುತ್ತಾನೆ, ಪಾಪ, ಅವನಿಗೆ ಬೀಳುವ ಬೈಗುಳ ಸ್ವಲ್ಪವಾದರೂ ಕಡಿಮೆಯಾಗಲಿ ಅಂತ.

ಎಲ್ಲ ಮುಗಿದ ಮೇಲೆ ಹೊಳೆಯುತ್ತದೆ: ತನ್ನನ್ನು ಪೀಪಾಯಿಗೆ ಹಾಕಿ ಮುಚ್ಚುವವರು ಯಾರು? ಹದಿನಾಲ್ಕನೆಯವನ ಲೆಕ್ಕವೇ ಬಿಟ್ಟುಹೋಗಿದೆ. ಕೊನೆಯ ಪೀಪಾಯಿಯನ್ನು ತಬ್ಬಿಕೊಂಡೇ ನೀರಿಗೆ ಬೀಳುತ್ತಾನೆ. ಇದಕ್ಕೂ ಬೆಲೆ ತೆರಬೇಕು, ನೆಗಡಿ ಹಿಡಿಯುತ್ತದೆ. ಸರೋವರದ ಊರಾದ ಲೇಕ್‌ಟೌನ್‌ನಲ್ಲಿ ಮೂರು ದಿನ ಸೀನುತ್ತ ಮನೆಯೊಳಗೇ ಇರುತ್ತಾನೆ, ಸನ್ಮಾನದ ಊಟದಲ್ಲಿ ಅವನ ಭಾಷಣ ಕಟ್ಟಿದ ಮೂಗಿನ ಒಂದೇ ಒಂದು ಧನ್ಯವಾದಕ್ಕೆ ಮುಗಿಯುತ್ತದೆ. ಎಲ್ಫ್ ರಾಜನ ಮನೆಯಲ್ಲಿ ಕದ್ದು ತಿಂದ ಅನ್ನದ ಋಣ ಇನ್ನೂ ಉಳಿದಿದೆಯಲ್ಲ? ಅದು ತೀರುವುದು ಒಂಬತ್ತು ಅಧ್ಯಾಯಗಳಾಚೆ. ಊರಿಗೆ ಹೊರಟ ಬಿಲ್ಬೋ ಬೆಳ್ಳಿ ಮತ್ತು ಮುತ್ತಿನ ಹಾರವೊಂದನ್ನು ರಾಜನ ಕೈಗಿಟ್ಟು, ನಿಮ್ಮಲ್ಲಿ ಕುಡಿದದ್ದಕ್ಕೆ, ತಿಂದದ್ದಕ್ಕೆ ಎನ್ನುತ್ತಾನೆ.

ಡ್ರ್ಯಾಗನ್ ಸ್ಮೌಗ್ ಕೂಡ ಲೆಕ್ಕದವನೇ, ಆದರೆ ಕೆಟ್ಟ ಲೆಕ್ಕದವನು. ಗುಡ್ಡದಷ್ಟು ಚಿನ್ನದ ಮೇಲೆ ಮಲಗಿದ್ದಾನೆ, ಅದರಿಂದ ಅವನಿಗೆ ಕವಡೆ ಕಾಸಿನ ಉಪಯೋಗವಿಲ್ಲ, ಆದರೂ ಒಂದು ಬಟ್ಟಲು ಕಾಣೆಯಾದರೆ ಗೊತ್ತಾಗುತ್ತದೆ. (ಬಟ್ಟಲು ಕದ್ದು ಡ್ರ್ಯಾಗನ್‌ನನ್ನು ಕೆಣಕುವ ಈ ಘಟನೆಯ ಬೇರು ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯದಲ್ಲಿದೆ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದದ್ದೇ ಆ ಭಾಷೆಯನ್ನು.) ಬಿಲ್ಬೋ ಎದುರಿಗೆ ಬಂದಾಗ ಸ್ಮೌಗ್ ಬೆಂಕಿ ಉಗುಳುವುದಕ್ಕೆ ಮೊದಲು ಬಾಯಿ ಬಿಡುತ್ತಾನೆ. ಹದಿನಾಲ್ಕನೇ ಪಾಲು ಕೊಡುತ್ತೇವೆ ಅಂದರಾ? ಸರಿ, ಸಾಗಿಸುವುದು ಹೇಗೆ? ಬಂಡಿ ಬಾಡಿಗೆ ಯಾರದು? ಕಾವಲಿನವರಿಗೆ, ದಾರಿಯ ಸುಂಕಕ್ಕೆ ಏನು ಮಾಡುತ್ತೀ? ಬಿಲ್ಬೋ ಈ ಬಗ್ಗೆ ಯೋಚಿಸಿಯೇ ಇರಲಿಲ್ಲ. ಡ್ವಾರ್ಫ್‌ಗಳು ಬೇಕೆಂದೇ ಮುಚ್ಚಿಟ್ಟರೇ ಎಂಬ ಹುಳ ತಲೆಗೆ ಹೊಕ್ಕುತ್ತದೆ. ಸಾಗಣೆ ವೆಚ್ಚದ ಪ್ರಶ್ನೆ ಕೇಳಿ ನಾಯಕನ ಧೈರ್ಯ ಕುಂದಿಸುವ ಖಳನಾಯಕ ಬೇರೆಲ್ಲೂ ಸಿಗಲಾರ.

ಬಿಲ್ಬೋ ಡ್ರ್ಯಾಗನ್‌ನನ್ನು ಕೊಲ್ಲುವುದಿಲ್ಲ, ಇದು ಗೊತ್ತಿರಲಿ. ಎಡ ಎದೆಯ ಮೇಲೆ ಹುರುಪೆಯಿಲ್ಲದ ಜಾಗವನ್ನು ಅವನು ನೋಡುತ್ತಾನೆ, ಆ ಸುದ್ದಿ ಒಂದು ಹಕ್ಕಿಯ ಮೂಲಕ ಲೇಕ್‌ಟೌನ್‌ನ ಬಿಲ್ಲುಗಾರ ಬಾರ್ಡ್‌ನ ಕಿವಿಗೆ ಮುಟ್ಟುತ್ತದೆ, ಬಾಣ ಅವನದು. ಸ್ಮೌಗ್ ಸತ್ತಾಗ ಇನ್ನೂ ಐದು ಅಧ್ಯಾಯ ಬಾಕಿ. ಬೇರೆ ಕತೆಗಳು ಮುಗಿಯುವ ಕಡೆ ಇಲ್ಲಿ ಆಸ್ತಿ ತಕರಾರು ಶುರುವಾಗುತ್ತದೆ. ಬಾರ್ಡ್ ಹನ್ನೆರಡನೇ ಒಂದು ಪಾಲು ಕೇಳುತ್ತಾನೆ. ಅವನ ವಾದ ಗಟ್ಟಿಯಾಗಿದೆ: ಕೊಂದವನು ತಾನು, ಆ ರಾಶಿಯಲ್ಲಿ ತನ್ನ ಪೂರ್ವಜರ ಸ್ವತ್ತೂ ಬೆರೆತಿದೆ, ಡ್ವಾರ್ಫ್‌ಗಳಿಗೆ ಅನ್ನ-ಆಶ್ರಯ ಕೊಟ್ಟ ಊರು ಸುಟ್ಟು ಬೂದಿಯಾಗಿದೆ. ಥೋರಿನ್ ಒಪ್ಪುವುದಿಲ್ಲ. ಆಗ ಬಿಲ್ಬೋ ಥೋರಿನ್‌ಗೆ ಪ್ರಾಣದಂತಿರುವ ಆರ್ಕನ್‌ಸ್ಟೋನ್ ಎಂಬ ಮಣಿಯನ್ನು ರಾತ್ರಿ ಹೊತ್ತೊಯ್ದು ಬಾರ್ಡ್‌ಗೆ ಕೊಟ್ಟುಬಿಡುತ್ತಾನೆ, ಚೌಕಾಸಿಗೆ ಇಟ್ಟುಕೊಳ್ಳಿ ಎಂದು. ಯಾವ ಹಕ್ಕಿನಿಂದ? ಕರಾರುಪತ್ರದ ಹಕ್ಕಿನಿಂದ. ಇದೇ ನನ್ನ ಹದಿನಾಲ್ಕನೇ ಪಾಲು, ಉಳಿದದ್ದೇನೂ ಬೇಡ. ಕೊಟ್ಟವನು ಅಷ್ಟಕ್ಕೇ ನಿಲ್ಲದೆ ಮತ್ತೆ ಡ್ವಾರ್ಫ್‌ಗಳ ಬಳಿಗೇ ಹಿಂತಿರುಗುತ್ತಾನೆ, ಗೆಳೆಯರನ್ನು ಬಿಟ್ಟು ಹೋಗಲಾರೆನೆಂದು. ಪುಸ್ತಕದ ನಿಜವಾದ ಸಾಹಸ ಇದೇ ಎನ್ನುವುದು ನಮ್ಮ ತೀರ್ಮಾನ. ಕೊನೆಯಲ್ಲಿ ಬರುವ ಯುದ್ಧದಲ್ಲಂತೂ ಅವನು ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪಿರುತ್ತಾನೆ.

ಮಾಯೆಯ ವಿಷಯದಲ್ಲೂ ಇದೇ ಬಿಗಿತನ. ಉಂಗುರ ಕಣ್ಮರೆ ಮಾಡುತ್ತದೆ ನಿಜ, ಆದರೆ ಬಿಸಿಲಿನಲ್ಲಿ ನೆರಳು ಕಾಣುತ್ತದೆ, ಹೆಜ್ಜೆ ಸದ್ದು ಕೇಳುತ್ತದೆ, ಡ್ರ್ಯಾಗನ್‌ಗೆ ವಾಸನೆ ಬಡಿಯುತ್ತದೆ. ಮಂತ್ರವಾದಿ ಗ್ಯಾಂಡಾಲ್ಫ್ ಜೊತೆಗಿದ್ದಷ್ಟು ದಿನ ಬಿಲ್ಬೋ ಬೆಳೆಯುವುದಿಲ್ಲ ಎಂಬುದು ಲೇಖಕರಿಗೆ ಗೊತ್ತು. ಅದಕ್ಕೇ ಮರ್ಕ್‌ವುಡ್ ಕಾಡಿನ ಬಾಯಲ್ಲಿ ಆ ಮಂತ್ರವಾದಿಯನ್ನು ಬೇರೆ ಕೆಲಸದ ನೆಪ ಹೇಳಿ ಕಳಿಸಿಬಿಡುತ್ತಾರೆ. ಮುಂದಿನ ಅಧ್ಯಾಯದಲ್ಲೇ ಬಿಲ್ಬೋ ಒಬ್ಬನೇ ಕತ್ತಲಲ್ಲಿ ಜೇಡವೊಂದನ್ನು ಕೊಂದು ತನ್ನ ಕತ್ತಿಗೆ ಹೆಸರಿಡುತ್ತಾನೆ.

ಐದನೇ ಅಧ್ಯಾಯ, ನೆಲದಡಿಯ ಕತ್ತಲಲ್ಲಿ ಬದುಕುವ ಗಾಲಮ್ ಎಂಬ ಜೀವಿಯ ಜೊತೆಗಿನ ಒಗಟಿನ ಪಂದ್ಯ, ಪುಸ್ತಕದ ಹೃದಯ. ಒಟ್ಟು 9 ಒಗಟು. ಮೀನಿನ ಒಗಟಿಗೆ ಉತ್ತರ ಸಿಗುವುದು ಮೀನೊಂದು ಹಾರಿ ಬಿಲ್ಬೋನ ಕಾಲ ಮೇಲೆ ಬಿದ್ದದ್ದರಿಂದ. ಕೊನೆಯದಕ್ಕೆ, ಇನ್ನಷ್ಟು ಸಮಯ ಕೊಡು ಎಂದು ಕಿರುಚಲು ಹೋಗಿ 'ಸಮಯ, ಸಮಯ' ಎನ್ನುತ್ತಾನೆ, ಉತ್ತರವೂ ಸಮಯವೇ. ಗಾಲಮ್ ಕಳೆದುಕೊಂಡ ಉಂಗುರ ಆಗಲೇ ಬಿಲ್ಬೋನ ಜೇಬು ಸೇರಿದೆ. ಆಮೇಲೆ 'ನನ್ನ ಜೇಬಿನಲ್ಲೇನಿದೆ?' ಎಂದು ತನಗೆ ತಾನೇ ಗೊಣಗಿದ್ದನ್ನು ಗಾಲಮ್ ಒಗಟೆಂದು ತಿಳಿಯುತ್ತಾನೆ. ಅದು ಒಗಟಲ್ಲ, ಪಂದ್ಯದ ನಿಯಮಕ್ಕೆ ಸರಿಯಲ್ಲ ಎಂದು ಪುಸ್ತಕವೇ ಒಪ್ಪಿಕೊಳ್ಳುತ್ತದೆ.

ಈಗ ನಾವು ಓದುವ ಐದನೇ ಅಧ್ಯಾಯ 1937ರದ್ದಲ್ಲ. ಮೊದಲ ಆವೃತ್ತಿಯಲ್ಲಿ ಗಾಲಮ್ ಪಂದ್ಯಕ್ಕೆ ಒಡ್ಡಿದ್ದೇ ಉಂಗುರವನ್ನು. ಸೋತ ಮೇಲೆ ಅದು ಸಿಗದೆ ಪರಿಪರಿಯಾಗಿ ಕ್ಷಮೆ ಕೇಳಿ, ಬದಲಿಗೆ ಹೊರಗಿನ ದಾರಿ ತೋರಿಸಿ ಕಳಿಸುತ್ತಾನೆ. ಮುಂದಿನ ಕತೆಯಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ಉಂಗುರ ಭಯಂಕರ ವಸ್ತುವಾಯಿತು, ಅದನ್ನು ಸುಮ್ಮನೆ ಬಿಟ್ಟುಕೊಡುವ ಗಾಲಮ್ ಹೊಂದಲಿಲ್ಲ. ಟೋಲ್ಕಿನ್ 1947ರಲ್ಲಿ ತಿದ್ದಿದ ಅಧ್ಯಾಯವನ್ನು ಮಾದರಿಗೆಂದು ಪ್ರಕಾಶಕರಿಗೆ ಕಳಿಸಿದರು. ಅವರು ಅದನ್ನೇ 1951ರ ಎರಡನೇ ಆವೃತ್ತಿಯಲ್ಲಿ ಅಚ್ಚು ಹಾಕಿಬಿಟ್ಟರು, ಕರಡು ಕೈಗೆ ಬಂದಾಗ ಲೇಖಕರಿಗೇ ಅಚ್ಚರಿ. ಹಾಗಾದರೆ ಹಳೆಯ ಆವೃತ್ತಿಯ ಗತಿ? ಅದು ಉಂಗುರ ತನ್ನದೇ ಎಂದು ಸಾಧಿಸಲು ಬಿಲ್ಬೋ ಹೇಳಿದ ಸುಳ್ಳು ಎಂದು ಕತೆಯೊಳಗೇ ಸೇರಿಸಿದರು. ತಿದ್ದುಪಡಿಯ ದೊಡ್ಡ ಲಾಭ ಇನ್ನೊಂದು. ದಾರಿಗಡ್ಡ ಕೂತ ಗಾಲಮ್‌ನನ್ನು ಇರಿಯಲು ಬಿಲ್ಬೋ ಕತ್ತಿ ಹಿಡಿದಿದ್ದಾನೆ, ಉಂಗುರ ತೊಟ್ಟ ಅವನು ಕಾಣುತ್ತಿಲ್ಲ, ಎದುರಿನವನ ಕೈಯಲ್ಲಿ ಆಯುಧವಿಲ್ಲ. ಕನಿಕರ ಹುಟ್ಟುತ್ತದೆ. ಇರಿಯದೆ ಗಾಲಮ್‌ನ ತಲೆಯ ಮೇಲಿಂದ ನೆಗೆಯುತ್ತಾನೆ: ಮುಂದಕ್ಕೆ 7 ಅಡಿ, ಎತ್ತರಕ್ಕೆ 3 ಅಡಿ, ಕೂದಲೆಳೆಯಲ್ಲಿ ಮೇಲಿನ ಕಲ್ಲು ತಲೆಗೆ ತಪ್ಪುತ್ತದೆ. ಮೊದಲ ಆವೃತ್ತಿಯಲ್ಲಿ ಈ ನೆಗೆತ ಇರಲೇ ಇಲ್ಲ.

ಮಕ್ಕಳಿಗೆ ಓದಿ ಹೇಳುವವರಿಗೆ ಕೆಲವು ಮಾತು. 19 ಅಧ್ಯಾಯ, ಎಡೆಬಿಡದೆ ಗಟ್ಟಿಯಾಗಿ ಓದಿದರೆ ಸುಮಾರು 11 ಗಂಟೆ. ಹಸ್ತಪ್ರತಿ ಓದಿ ವರದಿ ಬರೆದುಕೊಟ್ಟು ಒಂದು ಶಿಲಿಂಗ್ ಸಂಪಾದಿಸಿದ ಪ್ರಕಾಶಕರ ಮಗ, ಹತ್ತು ವರ್ಷದ ರೇನರ್ ಅನ್‌ವಿನ್, ಇದು 5ರಿಂದ 9 ವರ್ಷದವರಿಗೆ ಹಿಡಿಸುತ್ತದೆ ಎಂದಿದ್ದ. ಐದು ಬಹಳ ಬೇಗ. ಇಂಗ್ಲಿಷಿನಲ್ಲೇ ಓದುವುದಾದರೆ ನಮ್ಮ ಮಕ್ಕಳಿಗೆ ಒಂಬತ್ತರ ಮೇಲೆ ಸರಿ, ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳುವುದಾದರೆ ಏಳಕ್ಕೂ ನಡೆಯುತ್ತದೆ.

ಸಾಮಾನ್ಯವಾಗಿ ಪುಸ್ತಕ ಕೈಬಿಡುವುದು ಮೊದಲ ಅಧ್ಯಾಯದಲ್ಲೇ. ಅದು ಉದ್ದ, ಮುಕ್ಕಾಲು ಗಂಟೆಗೂ ಮೀರುತ್ತದೆ, 13 ಹೆಸರು ಒಟ್ಟಿಗೆ ನುಗ್ಗುತ್ತವೆ. ಪಾತ್ರೆ ತೊಳೆಯುವ ಹಾಡಿಗೆ ಮೊದಲ ದಿನ ನಿಲ್ಲಿಸಿ, ನಕ್ಷೆಯನ್ನು ಮರುದಿನಕ್ಕೆ ಇಡಿ. ಹೆಸರುಗಳನ್ನು ಕಲಿಸಲು ಹೋಗಬೇಡಿ. ಥೋರಿನ್, ಮುದುಕ ಬಾಲಿನ್, ಕಿರಿಯರಾದ ಫೀಲಿ-ಕೀಲಿ, ದಪ್ಪಗಿನ ಬಾಂಬರ್, ಇಷ್ಟು ಗೊತ್ತಿದ್ದರೆ ಸಾಕು. ಉಳಿದವರನ್ನು ಲೇಖಕರೂ ಅಷ್ಟಾಗಿ ಬಿಡಿಸಿ ತೋರಿಸುವುದಿಲ್ಲ. ಅದರ ಬದಲು ಎಣಿಸಲು ಹೇಳಿ: ಮೊದಲು ಒಬ್ಬ, ಮತ್ತೊಬ್ಬ, ಆಮೇಲೆ ಇಬ್ಬರು, ಐವರು, ಕೊನೆಗೆ ನಾಲ್ವರು. ಏಳನೇ ಅಧ್ಯಾಯದಲ್ಲಿ ಹೆಚ್ಚು ಅತಿಥಿಗಳನ್ನು ಸಹಿಸದ ಬಿಯೋರ್ನ್‌ನ ಮನೆಗೆ ಗ್ಯಾಂಡಾಲ್ಫ್ ಇದೇ ಉಪಾಯದಿಂದ ಇಬ್ಬಿಬ್ಬರನ್ನೇ ಒಳಗೆ ಬಿಡುವಾಗ, ಮೊದಲೇ ಎಣಿಸಿದ ಮಗು ನಗುತ್ತದೆ.

ಎರಡನೇ ಅಧ್ಯಾಯದ ಟ್ರೋಲ್‌ಗಳು (ಮಂದಬುದ್ಧಿಯ ದೈತ್ಯರು) ಲಂಡನ್ನಿನ ಬೀದಿ ಮಾತಾಡುತ್ತವೆ. ಕದಿಯಲು ಹೋದ ಕೈಗೆ ಸಿಕ್ಕ ಪರ್ಸು ಕೂಡ ಅದೇ ಧಾಟಿಯಲ್ಲಿ ಯಾರು ನೀನು ಎಂದು ಕಿರುಚುತ್ತದೆ. ಕನ್ನಡದಲ್ಲಿ ಹೇಳುವಾಗ 'ನೀನು ಯಾರು?' ಎಂದರೆ ಸಪ್ಪೆ, 'ಏಯ್, ಯಾವೋನ್ಲಾ ನೀನು?' ಎಂದರೆ ಕೆಲಸವಾಗುತ್ತದೆ. ನಿಮ್ಮ ಮನೆಯ ಕಡೆಯ ಮಾತನ್ನೇ ಬಳಸಿ, ಬೇರೆ ಸೀಮೆಯದನ್ನು ಎರವಲು ತಂದರೆ ಆ ಊರಿನವರನ್ನು ಆಡಿಕೊಂಡಂತಾಗುತ್ತದೆ.

ಎಂಟನೇ ಅಧ್ಯಾಯವನ್ನು ಎರಡು ಮಾಡಿ: ಕಪ್ಪು ಹಳ್ಳ ದಾಟಿ ಬಾಂಬರ್ ನಿದ್ದೆಗೆ ಬೀಳುವ ತನಕ ಒಂದು ರಾತ್ರಿ, ಜೇಡಗಳು ಇನ್ನೊಂದು ರಾತ್ರಿ. ಜೇಡಗಳ ನಡುವೆ ನಿಲ್ಲಿಸಿದರೆ ಮಗು ಮಲಗುವುದಿಲ್ಲ. ಹದಿಮೂರರಲ್ಲಿ ಡ್ರ್ಯಾಗನ್ ಎಲ್ಲಿ ಹೋದನೆಂದು ಯಾರಿಗೂ ತಿಳಿಯುವುದಿಲ್ಲ, ಹದಿನಾಲ್ಕು ಎರಡು ದಿನ ಹಿಂದಕ್ಕೆ ಹೋಗಿ ಅದನ್ನು ಹೇಳುತ್ತದೆ. ಈ ಜಿಗಿತವನ್ನು ಒಂದು ಸಾಲಿನಲ್ಲಿ ಮುಂಚೆಯೇ ತಿಳಿಸದಿದ್ದರೆ ಗೊಂದಲ ಖಂಡಿತ. ಹದಿನೈದನೆಯದು ಮಾತುಕತೆ, ಆಕಳಿಕೆ ಬರುತ್ತದೆ. ಹಾಗೆಂದು ಹಾರಿಸಿದರೆ ಆರ್ಕನ್‌ಸ್ಟೋನ್ ಕೊಟ್ಟದ್ದು ಬರೀ ಕಳ್ಳತನವಾಗಿ ಕಾಣುತ್ತದೆ. ಬಾರ್ಡ್‌ನ ಮೂರು ವಾದಗಳನ್ನು ಚೀಟಿಯಲ್ಲಿ ಬರೆದು, ನೀನಾಗಿದ್ದರೆ ಎಷ್ಟು ಕೊಡುತ್ತಿದ್ದೆ ಎಂದು ಕೇಳಿ. ಕೊನೆಯ ಯುದ್ಧದಲ್ಲಿ ಥೋರಿನ್, ಫೀಲಿ, ಕೀಲಿ ಸಾಯುತ್ತಾರೆ, ಅದನ್ನು ಮುಚ್ಚಿಡಬೇಡಿ.

ಕೊಳ್ಳುವಾಗ ನಕ್ಷೆಗಳಿವೆಯೇ ನೋಡಿ. ಅಗ್ಗದ ಪ್ರತಿಗಳಲ್ಲಿ ಅವು ಮಸುಕಾಗಿರುತ್ತವೆ ಅಥವಾ ಇರುವುದೇ ಇಲ್ಲ. ಥೋರಿನ್‌ನ ಅಜ್ಜ ಥ್ರೋರ್‌ನ ನಕ್ಷೆಯಲ್ಲಿ ಮೇಲ್ಗಡೆ ಇರುವುದು ಪೂರ್ವ, ಉತ್ತರ ಅಲ್ಲ. ಅದರಲ್ಲಿರುವ ರೂನ್ ಎಂಬ ಹಳೆಯ ಕಾಲದ ಲಿಪಿ ಇಂಗ್ಲಿಷ್ ಮಾತನ್ನೇ ಬರೆದದ್ದು, ಟೋಲ್ಕಿನ್ ತಾವೇ ಬಿಡಿಸಿದ ಹೊರಕವಚದ ಅಂಚಿನಲ್ಲೂ ಪುಸ್ತಕದ ಹೆಸರು, ಪ್ರಕಾಶಕರ ಹೆಸರು ಇದೇ ಲಿಪಿಯಲ್ಲಿವೆ. ರಜೆಯ ಒಂದು ಮಧ್ಯಾಹ್ನಕ್ಕೆ ಅದನ್ನು ಬಿಡಿಸುವ ಕೆಲಸ ಸಾಕು.

ಕೊರತೆಗಳೂ ಇವೆ. ಬಿಲ್ಬೋನ ತಾಯಿಯ ಹೆಸರೊಂದು ಬಂದು ಹೋಗುವುದು ಬಿಟ್ಟರೆ ಹೆಣ್ಣು ಪಾತ್ರವೇ ಇಲ್ಲ. ಹೆಣ್ಣುಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಸಮಜಾಯಿಷಿ ಕೊಡಲು ಹೋಗಬೇಡಿ. ಹದ್ದುಗಳು ಎರಡು ಸಲ ಸರಿಯಾದ ಹೊತ್ತಿಗೆ ಬಂದು ಕಾಪಾಡುವುದು ಅಷ್ಟು ಬಿಗಿಯಾದ ಲೆಕ್ಕದ ನಡುವೆ ಸಡಿಲ ಗಂಟು. 2012ರಿಂದ 2014ರವರೆಗೆ ಬಂದ ಮೂರು ಸಿನಿಮಾಗಳನ್ನು ಮೊದಲೇ ನೋಡಿದವರು ಪುಸ್ತಕದಲ್ಲಿ ಯುದ್ಧ ಎಲ್ಲಿ ಎಂದು ಹುಡುಕುತ್ತಾರೆ, ಹಾಗಾಗಿ ಓದು ಮುಂದಿರಲಿ.

ಮುಗಿದ ಕೂಡಲೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೈಗೆ ಕೊಡುವ ಆತುರವೂ ಬೇಡ, ಮೂರ್ನಾಲ್ಕು ವರ್ಷ ಬಿಡಿ. ಅದು ದೊಡ್ಡವರ ಗಂಭೀರ ಪುಸ್ತಕ, ಇಲ್ಲಿನ ಹಾಗೆ ನಿರೂಪಕ ನಡುನಡುವೆ ತಲೆಹಾಕಿ ತಮಾಷೆ ಮಾಡುವುದಿಲ್ಲ. 1960ರಲ್ಲಿ ಟೋಲ್ಕಿನ್ ಅವರೇ 'ಹಾಬಿಟ್' ಅನ್ನು ಆ ಗಂಭೀರ ಧಾಟಿಗೆ ಹೊಂದಿಸಿ ಮೊದಲಿಂದ ಬರೆಯಲು ಕುಳಿತರು. ಓದಿದ ಪರಿಚಿತರೊಬ್ಬರು ಬರವಣಿಗೆ ಚೆನ್ನಾಗಿದೆ, ಆದರೆ ಇದು 'ಹಾಬಿಟ್' ಅಲ್ಲ ಎಂದರು. ಕತೆ ರಿವೆಂಡೆಲ್ ಕಣಿವೆ ತಲುಪುವ ಹೊತ್ತಿಗೆ ಅವರು ಆ ಕೆಲಸ ಕೈಬಿಟ್ಟರು.