ಹರ್ಮಿಟ್ ದಾರಿಯಲ್ಲಿ ಇಳಿಯುತ್ತಾ: ಗ್ರ್ಯಾಂಡ್ ಕ್ಯಾನ್ಯನ್ ಕಲ್ಲುಗಳಿಗೆ ಹೆಸರು ಬಂದ ಕಥೆ

ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋದವರಲ್ಲಿ ಜಾಸ್ತಿ ಜನ ಮೇಲಿನ ಅಂಚಿನಲ್ಲೇ ನಿಂತು, ನೋಡಿ, ಫೋಟೊ ತೆಗೆದು ವಾಪಸ್ ಬರುತ್ತಾರೆ. ಕಣ್ಣಿಗೆ ಅಷ್ಟೇ ಸಾಕು ಅನ್ನುವಂಥ ಜಾಗವೇ ಅದು. ಆದರೆ ನಾನು ಹೋಗಿದ್ದು ಮೇಲಿನ ಐದು ಪದರಗಳನ್ನು ಹತ್ತಿರದಿಂದ ನೋಡೋಕೆ. ಮೇಲಿನಿಂದ ಕೆಳಕ್ಕೆ ಕೈಬ್ಯಾಬ್, ಟೊರೊವೀಪ್, ಕೊಕೊನಿನೊ, ಹರ್ಮಿಟ್, ಎಸ್ಪ್ಲನೇಡ್. ಐದೂ ಪರ್ಮಿಯನ್ ಕಾಲದ ಕಲ್ಲುಗಳು. ಪರ್ಮಿಯನ್ ಅಂದರೆ ಸುಮಾರು 29.9 ಕೋಟಿ ವರ್ಷದ ಹಿಂದೆ ಶುರುವಾಗಿ 25.2 ಕೋಟಿ ವರ್ಷದ ಹಿಂದೆ ಮುಗಿದ ಕಾಲ. ಈ ಐದು ಹೆಸರು ಒಟ್ಟಿಗೆ ಬಂದವಲ್ಲ. ಒಂದೊಂದು ಹೆಸರಿನ ಹಿಂದೆಯೂ ಯಾರೋ ಒಬ್ಬರು ಇದೇ ಗೋಡೆಯ ಉದ್ದಕ್ಕೂ ನಡೆದು, ಹಿಂದಿನವರು ಎಳೆದ ಗೆರೆ ಇಲ್ಲಿ ಸರಿ ಹೊಂದುವುದಿಲ್ಲ ಎಂದು ಕಂಡುಕೊಂಡ ಕಥೆ ಇದೆ. ಆ ಕಥೆಯನ್ನು ಕಲ್ಲಿನ ಮುಂದೆಯೇ ನಿಂತು ತಿಳಿಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಜೊತೆಗೆ ಬಂದಿದ್ದು ಭೂವಿಜ್ಞಾನ ಕಲಿಸುವ ಗೆಳತಿ. ಅಕ್ಟೋಬರ್ ತಿಂಗಳು. ಹರ್ಮಿಟ್ ದಾರಿ ಶುರುವಾಗುವ ಹರ್ಮಿಟ್ಸ್ ರೆಸ್ಟ್‌ವರೆಗಿನ ರಸ್ತೆಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಸ್ವಂತ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸೇ ಗತಿ. ಬೆಳಗಿನ ಬಸ್ಸು ಹತ್ತಿದೆವು. ದಾರಿಯಲ್ಲಿ ಎದುರಿನ ಗೋಡೆ ಕಾಣಿಸುತ್ತದಲ್ಲ, ಬಿಳಿ ಪಟ್ಟೆ, ಕೆಂಪು ಇಳಿಜಾರು, ಮತ್ತೆ ಕೆಂಪು ಮೆಟ್ಟಿಲು, ಇದನ್ನು ನೋಡಿದ ಮೊದಲ ಭೂವಿಜ್ಞಾನಿ ಜಾನ್ ಸ್ಟ್ರಾಂಗ್ ನ್ಯೂಬೆರಿ. 1858ರಲ್ಲಿ, ಕೊಲೊರಾಡೊ ನದಿಯನ್ನು ಅನ್ವೇಷಿಸಲು ಹೊರಟ ಐವ್ಸ್ ಎಂಬುವರ ತಂಡದ ಜೊತೆ ಬಂದಿದ್ದರು. ಪರ್ಮಿಯನ್ ಎಂಬ ಕಾಲಕ್ಕೆ ರಷ್ಯಾದ ಪರ್ಮ್ ಸೀಮೆಯ ಕಲ್ಲುಗಳನ್ನು ನೋಡಿ ಬ್ರಿಟನ್ನಿನ ಭೂವಿಜ್ಞಾನಿ ಮರ್ಚಿಸನ್ ಹೆಸರಿಟ್ಟಿದ್ದೇ 1841ರಲ್ಲಿ. ಹಾಗಾಗಿ ನ್ಯೂಬೆರಿಗೆ ಇಲ್ಲಿನ ಮೇಲಿನ ಕಲ್ಲುಗಳು ಪರ್ಮಿಯನ್‌ಗೂ ಹಿಂದಿನ ಕಾರ್ಬೊನಿಫೆರಸ್ ಕಾಲದವು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ 1875ರಲ್ಲಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬಂದು ಈ ಮೇಲಿನ ಕಲ್ಲುಗಳನ್ನೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಸೇರಿಸಿ ಆಬ್ರಿ ಗ್ರೂಪ್ ಅಂದರು. ಮೇಲೆ ಸುಣ್ಣದಕಲ್ಲು, ಕೆಳಗೆ ಮರಳುಗಲ್ಲು, ಇಷ್ಟೇ ಭಾಗ. ಕುದುರೆ ಮೇಲೆ ಸಾವಿರಾರು ಚದರ ಮೈಲಿ ಸುತ್ತುವವರಿಗೆ ಅಷ್ಟು ಭಾಗ ಸಾಕಾಗಿತ್ತು. ಆಬ್ರಿ ಎಂಬ ಹೆಸರನ್ನು ಇವತ್ತು ಇಲ್ಲಿ ಯಾರೂ ಬಳಸುವುದಿಲ್ಲ.

ದಾರಿ ಶುರುವಾಗುವುದೇ ಕೈಬ್ಯಾಬ್ ಮೇಲೆ. ಕೆನೆ ಬಣ್ಣದ ಒರಟು ಸುಣ್ಣದಕಲ್ಲು, ನಡುನಡುವೆ ಚಕಮಕಿ ಕಲ್ಲಿನ ಉಂಡೆಗಳು. ಕೂತು ನೋಡಿದರೆ ಚಿಪ್ಪುಗಳ ಅಚ್ಚು, ಸ್ಪಂಜುಗಳ ಉಳಿಕೆ, ಕ್ರೈನಾಯ್ಡ್ ಎಂಬ ಗಿಡದಂಥ ಕಡಲಜೀವಿಯ ಕಾಂಡದ ಪುಟ್ಟ ಬಿಲ್ಲೆಗಳು ಎಲ್ಲ ಸಿಗುತ್ತವೆ. ಸುಮಾರು 27 ಕೋಟಿ ವರ್ಷದ ಹಿಂದಿನ ಆಳವಿಲ್ಲದ ಸಮುದ್ರ ಇದು. ಹೆಸರು ಕೊಟ್ಟವರು ನೆಲ್ಸನ್ ಡಾರ್ಟನ್, 1910ರಲ್ಲಿ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು. ಕೈಬ್ಯಾಬ್, ಕೊಕೊನಿನೊ, ಸುಪಾಯ್ (ಕೊಕೊನಿನೊ ಕೆಳಗಿನ ಕೆಂಪು ಕಲ್ಲುಗಳು, ಎಸ್ಪ್ಲನೇಡ್ ಕೂಡ ಇದರೊಳಗೇ) ಮೂರೂ ಅವರದ್ದೇ ಹೆಸರುಗಳು, ಅಲ್ಲಿಗೆ ಆಬ್ರಿ ಒಡೆಯಿತು.

ಈಗ ಹೊಸ ಹೆಸರು ಇಡಬೇಕಾದರೆ ನಿಯಮಗಳಿವೆ. ಹತ್ತಿರದ ಒಂದು ಜಾಗದ ಹೆಸರು ಬೇಕು, ಅದನ್ನು ಮೊದಲೇ ಬೇರೆ ಪದರಕ್ಕೆ ಬಳಸಿರಬಾರದು. ಮೇಲೆ ಕೆಳಗೆ ಗೆರೆ ಎಲ್ಲಿ ಅಂತ ಹೇಳಬೇಕು, ನಕ್ಷೆಯಲ್ಲಿ ಗುರುತಿಸುವಷ್ಟು ದೊಡ್ಡದಿರಬೇಕು, ಪ್ರಕಟ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅನುಮಾನ ಬಂದಾಗ ಯಾರು ಬೇಕಾದರೂ ಹೋಗಿ ನೋಡಬಹುದಾದ ಒಂದು ಮಾದರಿ ಜಾಗವನ್ನು ತೋರಿಸಬೇಕು. ಅದಕ್ಕೆ ಟೈಪ್ ಸೆಕ್ಷನ್ ಅನ್ನುತ್ತಾರೆ. ಡಾರ್ಟನ್ ಕಾಲದಲ್ಲಿ ಇಷ್ಟು ಬಿಗಿ ಇರಲಿಲ್ಲ. ಕೈಬ್ಯಾಬ್ ಪ್ರಸ್ಥಭೂಮಿಯ ಹೆಸರು ಕೊಟ್ಟರು, ಮಾದರಿ ಜಾಗ ತೋರಿಸಲಿಲ್ಲ. 1928ರಲ್ಲಿ ಲೆವಿ ನೋಬಲ್ ಅದಕ್ಕೆ ಯೂಟಾದ ಕೈಬ್ಯಾಬ್ ಗಲ್ಚ್ ಅನ್ನು ಗೊತ್ತು ಮಾಡಿದರು. ಹದಿನೆಂಟು ವರ್ಷ ಹೆಸರು ವಿಳಾಸ ಇಲ್ಲದೇ ಓಡಾಡಿತ್ತು.

ಕೈಬ್ಯಾಬ್ ಬಂಡೆಯ ಕೆಳಗೆ ದಾರಿ ಸ್ವಲ್ಪ ಸಲೀಸಾಗುತ್ತದೆ. ಗಿಡಮರ ಬೆಳೆದ ಇಳಿಜಾರು, ಮಧ್ಯೆ ಮಧ್ಯೆ ಸಣ್ಣ ಮೆಟ್ಟಿಲಿನಂಥ ಕಲ್ಲು. ಇಲ್ಲಿ ನಾವು ಜಾಸ್ತಿ ಹೊತ್ತು ನಿಂತೆವು. ಇದೇ ಟೊರೊವೀಪ್. ಡಾರ್ಟನ್ ಪಾಲಿಗೆ ಇದೂ ಕೈಬ್ಯಾಬೇ. ಕೊಕೊನಿನೊ ಮೇಲಿದ್ದದ್ದೆಲ್ಲ ಕೈಬ್ಯಾಬ್. ಎಡ್ವಿನ್ ಮೆಕ್‌ಕೀ ಎಂಬುವರು ಇದೇ ಪಾರ್ಕಿನಲ್ಲಿ ನ್ಯಾಚುರಲಿಸ್ಟ್ ಆಗಿದ್ದರು. ಅಂದರೆ ಕಂದರವೇ ಅವರ ದಿನನಿತ್ಯದ ಕೆಲಸದ ಜಾಗ. ಅವರು ಈ ಸುಣ್ಣದಕಲ್ಲನ್ನು ಕಂದರದ ಉದ್ದಕ್ಕೂ ಹಿಂಬಾಲಿಸಿ, ನಡುವೆ ಒಂದು ಕಡಿತ ಇದೆ ಎಂದು ತೋರಿಸಿದರು. ಸಮುದ್ರ ಒಮ್ಮೆ ಪಶ್ಚಿಮದಿಂದ ಮೇಲೇರಿ ಬಂದು, ಹಿಂದೆ ಸರಿದು, ಆಮೇಲೆ ಮತ್ತೊಮ್ಮೆ ಬಂದಿದೆ. ಮೊದಲ ಸಲದ ಕಲ್ಲು ಬೇರೆ, ಎರಡನೇ ಸಲದ್ದು ಬೇರೆ. 1938ರಲ್ಲಿ ಕೆಳಗಿನ ಭಾಗವನ್ನು ಕೈಬ್ಯಾಬ್‌ನಿಂದ ಬಿಡಿಸಿ ಟೊರೊವೀಪ್ ಫಾರ್ಮೇಶನ್ (ಹೆಸರಿಟ್ಟು ನಕ್ಷೆಯಲ್ಲಿ ಗುರುತಿಸುವ ಕಲ್ಲಿನ ಪದರ) ಅಂತ ಹೆಸರಿಟ್ಟರು. ಹಳೇ ಹೆಸರು ಹೋಗಲಿಲ್ಲ, ಅದರ ಹರವು ಕಡಿಮೆಯಾಯಿತು. ಹಾಗಾಗಿ 1938ಕ್ಕೂ ಮೊದಲಿನ ವರದಿಯಲ್ಲಿ ‘ಕೈಬ್ಯಾಬ್‌ನ ಕೆಳಭಾಗದಲ್ಲಿ ಸಿಕ್ಕ ಪಳೆಯುಳಿಕೆ’ ಅಂತ ಇದ್ದರೆ, ಅದು ಇವತ್ತಿನ ಕೈಬ್ಯಾಬ್‌ನದ್ದೇ ಆಗಿರಬೇಕಿಲ್ಲ. ಓದುವಾಗ ಇಸವಿ ನೋಡಲೇಬೇಕು.

ಮೆಕ್‌ಕೀ ಈ ಎರಡೂ ಫಾರ್ಮೇಶನ್‌ಗಳ ಒಳಗಿನ ಭಾಗಗಳಿಗೆ ಆಲ್ಫಾ, ಬೀಟಾ, ಗಾಮಾ ಅಂತ ಅಕ್ಷರ ಕೊಟ್ಟಿದ್ದರು. ಆಲ್ಫಾ ಮೇಲಿನದು. ಸುಮಾರು ಐವತ್ತು ವರ್ಷ ಅದೇ ನಡೆಯಿತು. 1991ರಲ್ಲಿ ಸೊರಾಫ್ ಮತ್ತು ಬಿಲ್ಲಿಂಗ್ಸ್‌ಲಿ ಆ ಅಕ್ಷರಗಳ ಜಾಗಕ್ಕೆ ಊರುಕೇರಿಯ ಹೆಸರು ತಂದರು. ಟೊರೊವೀಪ್‌ಗೆ ಸೆಲಿಗ್‌ಮನ್, ಬ್ರೇಡಿ ಕ್ಯಾನ್ಯನ್, ವುಡ್ಸ್ ರ್‍ಯಾಂಚ್. ಕೈಬ್ಯಾಬ್‌ಗೆ ಫಾಸಿಲ್ ಮೌಂಟನ್ ಮತ್ತು ಹ್ಯಾರಿಸ್‌ಬರ್ಗ್. ಮೂರು ಅಕ್ಷರ ಎರಡು ಹೆಸರಾಯಿತು, ಗಮನಿಸಿ. ನನಗೆ ಈ ಬದಲಾವಣೆ ತುಂಬಾ ಇಷ್ಟ. ಅಕ್ಷರ ಹೇಳಿದರೆ ಎಲ್ಲಿಗೆ ಹೋಗಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಬ್ರೇಡಿ ಕ್ಯಾನ್ಯನ್ ಅಂದರೆ ಅಲ್ಲಿಗೆ ಹೋಗಬಹುದು.

ಕೊಕೊನಿನೊ ಶುರುವಾದ ಕೂಡಲೇ ಬೆಳಕೇ ಬದಲಾಯಿತು. ಬಿಳುಪು ಮರಳುಗಲ್ಲು, ಕಡಿದಾದ ಗೋಡೆ. ಇಲ್ಲಿ ಹಳೇ ದಾರಿಯ ಕೆಲವು ಕಡೆ ಅದೇ ಕಲ್ಲಿನ ಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಹಾಸಿದ್ದಾರೆ. ಗೋಡೆ ತುಂಬಾ ಓರೆ ಗೆರೆಗಳು, ಒಂದರ ಮೇಲೊಂದು, ಕತ್ತರಿಸಿಕೊಂಡು. ಗಾಳಿ ಕಟ್ಟಿದ ಮರಳುದಿಣ್ಣೆಗಳ ಇಳಿಮುಖ ಹಾಗೇ ಕಲ್ಲಾಗಿದೆ. ಬೆರಳು ಸವರಿದರೆ ಒಂದೇ ಅಳತೆಯ ಸಣ್ಣ ಮರಳು ಕಾಳು ತಾಗುತ್ತದೆ. ದಾರಿ ಪಕ್ಕದ ಒಂದು ಓರೆ ಚಪ್ಪಡಿ ಮುಂದೆ ಗೆಳತಿ ಸುಮ್ನೆ ನಿಂತುಬಿಟ್ಟಳು. ನನಗೆ ಮೊದಲು ಏನೂ ಕಾಣಲಿಲ್ಲ. ಬಿಸಿಲು ಓರೆಯಾಗಿ ಬಿದ್ದ ಕಡೆ ಬಗ್ಗಿ ನೋಡಿದರೆ ಎರಡು ಸಾಲು ಗುಂಡನೆಯ ಗುಳಿ, ಮೇಲ್ಮುಖವಾಗಿ. ಪ್ರತಿ ಗುಳಿಯ ಹಿಂದೆ, ಇಳಿಜಾರಿನ ಕಡೆಗೆ, ಅರ್ಧಚಂದ್ರದ ಆಕಾರದಲ್ಲಿ ಒತ್ತಿಬಂದ ಮರಳಿನ ಸಣ್ಣ ಏರು. ದಿಣ್ಣೆ ಹತ್ತುವಾಗ ಕಾಲು ಜಾರಿ, ಹಿಂದಕ್ಕೆ ಮರಳು ತಳ್ಳಿದ ಗುರುತು ಅದು. ಇಲ್ಲಿಯ ಹೆಜ್ಜೆಗಳನ್ನು ಅಧ್ಯಯನ ಮಾಡಿದವರು ಚಾರ್ಲ್ಸ್ ಗಿಲ್ಮೋರ್. 1924ರಲ್ಲಿ ಬಂದು, ಇದೇ ದಾರಿಯಲ್ಲಿ ಜನ ನೋಡೋ ಹಾಗೆ ಹೆಜ್ಜೆಗಳನ್ನು ಅಣಿಮಾಡಿದರು, 1926ರಿಂದ ಬರೆಯಲು ಶುರು ಮಾಡಿದರು. ಅವರು ಹೆಜ್ಜೆಗಳಿಗೆ ಬೇಕಾದಷ್ಟು ಹೆಸರು ಕೊಟ್ಟಿದ್ದರು. ಅದೇ ಪ್ರಾಣಿ ಒದ್ದೆ ಮರಳಲ್ಲಿ, ಒಣ ಮರಳಲ್ಲಿ, ಏರಿನಲ್ಲಿ ಬೇರೆ ಬೇರೆ ಗುರುತು ಬಿಡುತ್ತದೆ ಅಂತ ಆಮೇಲಿನವರು ಅವುಗಳಲ್ಲಿ ಬಹಳಷ್ಟನ್ನು ಒಟ್ಟು ಸೇರಿಸಿದ್ದಾರೆ.

ಕೊಕೊನಿನೊ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಫಾರ್ಮೇಶನ್ ಅನ್ನೋದು ಕಲ್ಲಿನ ಗುಣದ ಮೇಲೆ ಮಾಡಿದ ಭಾಗ, ಕಾಲದ ಮೇಲಲ್ಲ. ಇಲ್ಲಿ ಸುಮಾರು 100 ಮೀಟರ್ ಇರುವ ಈ ಗೋಡೆ ದಕ್ಷಿಣಕ್ಕೆ ಹೋದರೆ ದಪ್ಪವಾಗುತ್ತದೆ, ಉತ್ತರಕ್ಕೂ ಪಶ್ಚಿಮಕ್ಕೂ ತೆಳುವಾಗುತ್ತಾ ಹೋಗುತ್ತದೆ. ಒಂದು ಕಡೆ ಮರಳುದಿಣ್ಣೆ ಇದ್ದಾಗಲೇ ಇನ್ನೊಂದು ಕಡೆ ಸಮುದ್ರ ಇರಬಹುದು, ಅಲ್ವಾ? ಹಾಗಾಗಿ ಹೆಸರು ಒಂದೇ ಇದ್ದರೂ ಎಲ್ಲ ಕಡೆ ವಯಸ್ಸು ಒಂದೇ ಇರಬೇಕಿಲ್ಲ. ಹೆಸರು ಬದಲಾಯಿಸುವ ಜಗಳಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ ಅಂತ ಗೆಳತಿಯ ಅಭಿಪ್ರಾಯ.

ಬಿಳಿ ಗೋಡೆಯ ಬುಡದಲ್ಲಿ ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತದೆ. ಅಲ್ಲಿಂದ ಕೆಳಗೆ ಕೆಂಪು. ಕಂದರದ ಕೆಲವು ಕಡೆ ಈ ಕೆಂಪು ನೆಲದ ಬಿರುಕುಗಳೊಳಗೆ ಮೇಲಿನ ಬಿಳಿ ಮರಳು ಇಳಿದು ತುಂಬಿಕೊಂಡಿರುವುದನ್ನು ನೋಡಬಹುದು. ಒಣಗಿ ಬಿರಿದ ನೆಲದ ಮೇಲೆ ಮರುಭೂಮಿ ಬಂದಿದೆ. ನಾವು ಈಗ ಹರ್ಮಿಟ್ ಬೇಸಿನ್ ಒಳಗಿದ್ದೆವು, ಈ ಪದರಕ್ಕೆ ಹೆಸರು ಕೊಟ್ಟ ಸೀಮೆ. ಡಾರ್ಟನ್ ಈ ಕೆಂಪನ್ನೂ ಸುಪಾಯ್‌ಗೆ ಸೇರಿಸಿದ್ದರು. 1922ರಲ್ಲಿ ನೋಬಲ್ ಕಂದರದ ಇನ್ನೊಂದು ದಾರಿಯಾದ ಬಾಸ್ ಟ್ರೇಲ್‌ನಲ್ಲಿ ಪದರ ಪದರವಾಗಿ ಅಳೆದು, ಇದಕ್ಕೂ ಕೆಳಗಿನ ಕಲ್ಲಿಗೂ ನಡುವೆ ನೀರು ಕೊರೆದ ಹಳೇ ಮೇಲ್ಮೈ ಇದೆ ಎಂದು ಕಂಡು, ಇದನ್ನು ಬಿಡಿಸಿ ಹರ್ಮಿಟ್ ಶೇಲ್ ಅಂದರು. ಶೇಲ್ ಅಂದರೆ ಜೇಡಿ ಗಟ್ಟಿಯಾಗಿ ಆದ, ತೆಳು ಪದರಗಳಾಗಿ ಒಡೆಯುವ ಕಲ್ಲು. 1929ರಲ್ಲಿ ಡೇವಿಡ್ ವೈಟ್ ಇದರಲ್ಲಿನ ಗಿಡಗಳ ಪಳೆಯುಳಿಕೆ ಬಗ್ಗೆ ಬರೆದರು. ಬೀಜ ಬಿಡುವ ಜರೀಗಿಡಗಳು, ಪೈನ್‌ನಂಥ ಕೋನಿಫರ್ ಮರಗಳ ರೆಂಬೆಗಳು. ಆ ಗಿಡಗಳೇ ಇದು ಪರ್ಮಿಯನ್ ಅನ್ನೋದಕ್ಕೆ ಗಟ್ಟಿ ಸಾಕ್ಷಿಯಾದವು.

ಆದರೆ ಶೇಲ್ ಅನ್ನೋದು ಸರಿಯೇ? ಗೆಳತಿ ಚಿಟಿಕೆ ಕೆಂಪು ಪುಡಿಯನ್ನು ಮುಂದಿನ ಹಲ್ಲಿಗೆ ಸವರಿ ಕಚ್ಚಿದಳು. ಕರಕರ ಅಂತು. ನನಗೂ ಮಾಡಿಸಿದಳು. ಜೇಡಿಯಾಗಿದ್ದರೆ ಹಲ್ಲಿಗೆ ನುಣ್ಣಗೆ ಹತ್ತುತ್ತದೆ, ಕರಕರ ಅಂದರೆ ಅದು ಸಿಲ್ಟ್, ಜೇಡಿಗಿಂತ ದಪ್ಪ, ಮರಳಿಗಿಂತ ಸಣ್ಣ ಪುಡಿ. ಹರ್ಮಿಟ್‌ನಲ್ಲಿ ಜಾಸ್ತಿ ಇರುವುದು ಸಿಲ್ಟ್‌ಸ್ಟೋನ್ ಮತ್ತು ಮಣ್ಣು ಬೆರೆತ ಸಣ್ಣ ಮರಳುಗಲ್ಲು. ಶೇಲ್ ಕಡಿಮೆ. ಪೂರ್ವದಲ್ಲಿ 30 ಮೀಟರ್ ಇರೋದು ಪಶ್ಚಿಮದಲ್ಲಿ 270 ಮೀಟರ್‌ವರೆಗೆ ಬೆಳೆಯುತ್ತದೆ. ಇಷ್ಟೆಲ್ಲ ಬಗೆಯನ್ನು ಶೇಲ್ ಅನ್ನುವ ಒಂದು ಮಾತು ಹಿಡಿಯಲ್ಲ. ಅದಕ್ಕೇ ಈಗಿನ ನಕ್ಷೆಗಳಲ್ಲಿ ಹರ್ಮಿಟ್ ಫಾರ್ಮೇಶನ್. ಕೈಬ್ಯಾಬ್ ಸುಣ್ಣದಕಲ್ಲು ಕೂಡ ಹೀಗೆಯೇ ಕೈಬ್ಯಾಬ್ ಫಾರ್ಮೇಶನ್ ಆಗಿದೆ.

ಸಾಂಟಾ ಮರಿಯಾ ಚಿಲುಮೆ ಹತ್ತಿರ ಕಲ್ಲು ಕಟ್ಟಿದ ಒಂದು ಹಳೇ ತಂಗುದಾಣ ಇದೆ. ನೆರಳಲ್ಲಿ ಕೂತೆವು. ಸುತ್ತ ಈಗ ಸುಪಾಯ್. ಮೆಕ್‌ಕೀ 1975ರಲ್ಲಿ, ಅಂದರೆ ಟೊರೊವೀಪ್ ಕೆಲಸ ಆಗಿ ಮೂವತ್ತೇಳು ವರ್ಷದ ಮೇಲೆ, ಸುಪಾಯ್ ಫಾರ್ಮೇಶನ್ನನ್ನು ಗ್ರೂಪ್ ದರ್ಜೆಗೆ, ಅಂದರೆ ಹಲವು ಫಾರ್ಮೇಶನ್‌ಗಳ ಗುಂಪಾಗಿ, ಏರಿಸಿದರು. ಒಳಗೆ ನಾಲ್ಕು ಭಾಗ, ವಟಹೋಮಿಗಿ, ಮನಕಾಚಾ, ವೆಸ್ಕೊಗೇಮ್, ಎಸ್ಪ್ಲನೇಡ್. ಕೆಳಗಿನ ಮೂರರ ಬಹುಪಾಲು ಕಾರ್ಬೊನಿಫೆರಸ್, ಮೇಲಿನ ಎಸ್ಪ್ಲನೇಡ್ ಮಾತ್ರ ಪರ್ಮಿಯನ್. ಅಂದರೆ ಭೂಮಿಯ ಚರಿತ್ರೆಯ ಒಂದು ದೊಡ್ಡ ಗಡಿ ಒಂದೇ ಗ್ರೂಪಿನ ಹೊಟ್ಟೆಯೊಳಗೆ ಹಾದುಹೋಗುತ್ತದೆ. ಕೆಂಪು ಕಲ್ಲಿನ ಮೇಲೆ ಕೆಂಪು ಕಲ್ಲು, ದೂರದಿಂದ ನೋಡುವವರಿಗೆ ಎಲ್ಲ ಒಂದೇ. ಅದನ್ನು ಬಿಡಿಸಲು ಒಬ್ಬ ಮನುಷ್ಯ ಇಡೀ ಬದುಕು ಕೊಟ್ಟಿದ್ದಾನೆ ಅನ್ನೋದು ಅಲ್ಲಿ ಕೂತಾಗ ನನ್ನ ಮನಸ್ಸನ್ನು ತುಂಬಾ ತಟ್ಟಿತು.

ಹತ್ತುವ ದಾರಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಕಡಿದು, ಬಿಸಿಲು, ನಿಧಾನ.

ಮಾರನೆಯ ದಿನ ದಕ್ಷಿಣಕ್ಕೆ ಸೆಡೋನಾ ಕಡೆ ಹೋದೆವು. ಬೆಲ್ ರಾಕ್, ಕೆಥೆಡ್ರಲ್ ರಾಕ್ ಫೋಟೊ ಎಲ್ಲರೂ ನೋಡಿರುತ್ತೀರಿ. ಆ ಕಿತ್ತಳೆಗೆಂಪು ಕಲ್ಲನ್ನು ಹಿಂದೆ ಸುಪಾಯ್‌ನ ಮೇಲ್ಭಾಗ ಅನ್ನುತ್ತಿದ್ದರು. ಬಣ್ಣ ಅಷ್ಟು ಹೋಲುತ್ತದೆ. ರೊನಾಲ್ಡ್ ಬ್ಲೇಕಿ ಇದನ್ನು ಪ್ರತ್ಯೇಕ ಎಂದು ತೋರಿಸಿ 1990ರಲ್ಲಿ ಶ್ನೆಬ್ಲಿ ಹಿಲ್ ಫಾರ್ಮೇಶನ್ ಎಂದು ಗಟ್ಟಿ ಮಾಡಿದರು. ಅದರ ಜಾಗ ಹರ್ಮಿಟ್‌ಗೂ ಕೊಕೊನಿನೊಗೂ ನಡುವೆ. ಹಿಂದಿನ ದಿನ ನಾವು ಬಿಳಿ ಮತ್ತು ಕೆಂಪಿನ ನಡುವೆ ಕಂಡ ಆ ಚೂಪು ಗೆರೆಯಲ್ಲಿ ಇಡೀ ಒಂದು ಫಾರ್ಮೇಶನ್ ಇಲ್ಲ, ಇಲ್ಲಿ ಅದೇ ಜಾಗದಲ್ಲಿ ಗುಡ್ಡಗಳೇ ನಿಂತಿವೆ! ಬಂಡೆಗಳ ನಡುವೆ ಒಂದು ತೆಳು ಬೂದು ಪಟ್ಟಿ ಓಡುತ್ತದೆ, ಫೋರ್ಟ್ ಅಪಾಚಿ ಸುಣ್ಣದಕಲ್ಲು. ಸಮುದ್ರ ಒಮ್ಮೆ ಸ್ವಲ್ಪ ಕಾಲ ಇಲ್ಲಿಯವರೆಗೂ ಬಂದುಹೋದ ಗುರುತು. ಅದನ್ನು ಒಮ್ಮೆ ಗುರುತು ಹಿಡಿದರೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಕಣ್ಣಲ್ಲೇ ದಾಟಬಹುದು.

ಮೇಲಕ್ಕೆ ನೋಡಿದರೆ ಕಿತ್ತಳೆ ಬಣ್ಣ ನಿಧಾನಕ್ಕೆ ಬಿಳಿಯಾಗುತ್ತದೆ. ಅಲ್ಲಿ ಚೂಪು ಗೆರೆ ಇಲ್ಲ. ಶ್ನೆಬ್ಲಿ ಹಿಲ್ ಎಲ್ಲಿ ಮುಗಿದು ಕೊಕೊನಿನೊ ಎಲ್ಲಿ ಶುರುವಾಯಿತು ಅಂತ ನಾವಿಬ್ಬರೂ ಬೆರಳು ತೋರಿಸಿದೆವು. ಬೇರೆ ಬೇರೆ ಎತ್ತರಕ್ಕೆ.

ಹೋಗುವವರಿಗೆ ಒಂದು ಸಲಹೆ. ಗ್ರ್ಯಾಂಡ್ ಕ್ಯಾನ್ಯನ್‌ನ ಭೂವೈಜ್ಞಾನಿಕ ನಕ್ಷೆ ತೆಗೆದುಕೊಂಡರೆ ಮೊದಲು ಅದರ ಸೂಚಿ ನೋಡಿ. ಟೊರೊವೀಪ್ ಇಲ್ಲದೇ ಕೈಬ್ಯಾಬ್ ನೇರವಾಗಿ ಕೊಕೊನಿನೊ ಮೇಲೆ ಕೂತಿದ್ದರೆ ಅದು 1938ಕ್ಕಿಂತ ಹಳೇ ಲೆಕ್ಕ. ಸುಪಾಯ್ ಇನ್ನೂ ಫಾರ್ಮೇಶನ್ ಆಗಿದ್ದರೆ 1975ಕ್ಕಿಂತ ಹಳೇದು. ಹಳೇದಾದರೂ ಬಿಸಾಡಬೇಡಿ, ಹೊಸದರ ಪಕ್ಕ ಇಟ್ಟುಕೊಂಡೇ ಹರ್ಮಿಟ್ ದಾರಿ ಇಳಿಯಿರಿ. ನೀರು ಜಾಸ್ತಿ ಒಯ್ಯಿರಿ, ಚಿಲುಮೆ ನೀರನ್ನು ಶುದ್ಧ ಮಾಡದೇ ಕುಡಿಯುವ ಹಾಗಿಲ್ಲ.